ಕೈ ಬೇಡುವ ತೌಡು

ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಒಂದು ಬಿಳಿ ಡಬ್ಬಿ ಇದೆ. ತಗಡಿನದು, ಪಿಂಗಾಣಿಯ ಹಾಗೆ ನುಣುಪು ಬಣ್ಣ, ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ. ಈಗ ಅದರಲ್ಲಿ ಕ್ಲಿಪ್ಪುಗಳಿವೆ. ಕುವೈತಿನ ಈ ಫರ್ವಾನಿಯಾದ ಬಿಸಿಲಿಗೆ ಪ್ಲಾಸ್ಟಿಕ್ ಕ್ಲಿಪ್ಪು ಒಂದು ಬೇಸಿಗೆಯೂ ಬಾಳುವುದಿಲ್ಲ, ಹಿಡಿದರೆ ಹಪ್ಪಳದಂತೆ ಮುರಿಯುತ್ತದೆ. ಡಬ್ಬಿ ಮಾತ್ರ ಹಾಗೇ ಇದೆ. ಮುಚ್ಚಳ ತೆಗೆದು ಮೂಗು ಒಳಗಿಟ್ಟರೆ ಇನ್ನೂ ಒಂದು ಹುಳಿ ವಾಸನೆ. ವಾಸನೆ ಇದೆಯೋ, ಇದೆ ಅಂತ ನನ್ನ ಮೂಗೇ ಹಟ ಹಿಡಿದಿದೆಯೋ, ಗೊತ್ತಿಲ್ಲ. ಸೊಸೆ ಗಿರಿಜಾ ಆ ಡಬ್ಬಿಯನ್ನು ಎಸೆಯುವುದಿಲ್ಲ, ನನ್ನೆದುರು ಮುಟ್ಟುವುದೂ ಇಲ್ಲ. ಕ್ಲಿಪ್ಪು ಬೇಕಾದರೆ ಮಗಳು ನಿಧಿಗೆ ಕೂಗಿ ಹೇಳುತ್ತಾಳೆ.

ಈ ಡಬ್ಬಿ ಜಪಾನಿನ ಬಜಾರಿನದು. ನಾನೇ ಹೋಗಿ ತಂದದ್ದು. ನಗಬೇಡಿ. ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ನಮ್ಮವ್ವನಿಗೆ ಇನ್ನೊಂದು ಹುಟ್ಟಿತು, ತೊಟ್ಟಿಲು ತೂಗುವವರು ಬೇಕಾದರು, ನನ್ನ ಸಾಲಿ ಅಲ್ಲಿಗೆ ಖಲಾಸ್. ಖಲಾಸ್ ಎಂಬ ಮಾತನ್ನು ಕುವೈತಿನಲ್ಲಿ ಕಲಿತಳು ಮುದುಕಿ ಅಂದುಕೊಳ್ಳಬೇಡಿ. ನಮ್ಮ ಗದಗಿನ ಹಮಾಲರು ಲಾರಿ ಖಾಲಿ ಮಾಡಿ ಬೆನ್ನು ನೆಟ್ಟಗೆ ಮಾಡುವಾಗ ಅದನ್ನೇ ಅನ್ನುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅರಬರ ಬಾಯಲ್ಲಿ ಕೇಳಿ, ಇವರಿಗೆ ನಮ್ಮೂರ ಮಾತು ಯಾರು ಕಲಿಸಿದರಪ್ಪಾ ಅಂದುಕೊಂಡಿದ್ದೆ.

ಸಾಲಿ ಬಿಟ್ಟವಳು ಕಲಿತದ್ದು ಒಂದೇ ವಿದ್ಯೆ, ಉಪ್ಪಿನಕಾಯಿ. ಅದರಲ್ಲಿ ನಮ್ಮವ್ವ ಮಾಸ್ತರರಿಗಿಂತ ಕಡಕ್ ಇದ್ದಳು. ಭರಣಿ ಬಿಸಿಲಿಗೆ ಕಾದಿರಬೇಕು, ಸವಟು ಕಟ್ಟಿಗೆಯದಾಗಿರಬೇಕು, ಬಾಯಿಗೆ ಬಿಳಿ ಅರಿವೆ ಕಟ್ಟಬೇಕು. ಬರಿಗೈ ಭರಣಿಯೊಳಗೆ ಹೋಗಕೂಡದು. ತಿಂಗಳಿನ ಮೂರು ದಿನ ಹೊರಗಾದವಳಂತೂ ಭರಣಿ ಇರುವ ಕೋಣೆಯ ಹೊಸ್ತಿಲನ್ನೂ ತುಳಿಯಕೂಡದು. ಒಂದು ಮಳೆಗಾಲ ಲಿಂಬಿಕಾಯಿಗೆ ಬೂಜು ಬಂದಿತ್ತು. ನಮ್ಮ ಮೇಲ್ಮಾಳಿಗೆ ಸೋರುತ್ತಿತ್ತು ಅನ್ನುವುದು ಊರಿಗೇ ಗೊತ್ತು. ಅವ್ವ ಮಾತ್ರ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಯಾರ ಮುಟ್ಟೀರಿ? ಬಾಯಿ ಬಿಡ್ರಿ" ಅಂದಳು. ನಮ್ಮಕ್ಕ ಅತ್ತಳು. ಅತ್ತವಳೇ ಮುಟ್ಟಿದವಳು ಎಂದು ತೀರ್ಮಾನವಾಗಿ ಪೆಟ್ಟು ಬಿದ್ದವು. ನಾನು ಅಳಲಿಲ್ಲ, ಉಳಿದೆ. ಬದುಕಿನಲ್ಲಿ ಅಳದೆ ಇದ್ದರೆ ಲಾಭವಿದೆ ಅಂತ ಅವತ್ತು ಗೊತ್ತಾಯಿತು.

ಗಿರಿಜಾ ನಮ್ಮ ಮನೆ ತುಂಬಿದಾಗ ನಾನು ಅವಳಿಗೆ ಹೇಳಿದ ಮೊದಲ ಮಾತೇ ಇದು. ಒಮ್ಮೆ ಆ ದಿನಗಳಲ್ಲಿ ಮರೆತು ಮಾವಿನಕಾಯಿ ಭರಣಿ ಸರಿಸಿಟ್ಟಳು. ನಾನು ಬೈಯಲಿಲ್ಲ. ಭರಣಿ ಎತ್ತಿಕೊಂಡು ಹೋಗಿ ಅವಳ ಕಣ್ಣೆದುರಿಗೇ ತಿಪ್ಪೆಗೆ ಸುರಿದೆ. ಬೈದಿದ್ದರೆ ಮರೆಯುತ್ತಿದ್ದಳೇನೋ.

ನಮ್ಮ ಮನೆಯವರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿದ್ದರು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದರೆ ನನ್ನ ಉಪ್ಪಿನಕಾಯಿಯ ವಾಸನೆಗೆ ಮಿಲ್ಲಿನವರೆಲ್ಲ ಕೂಡುತ್ತಿದ್ದರಂತೆ. ಸಂಜೆ ಬಂದು ತೀರ್ಪು ಕೊಡುತ್ತಿದ್ದರು: "ಈ ಸಲ ಉಪ್ಪ ಮುಂದ ಓಡೈತಿ, ಹುಳಿ ಹಿಂದ ಉಳದೈತಿ." ಚೊಲೊ ಆಗೈತಿ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಆದರೆ ಭರಣಿ ಮಾತ್ರ ದೀಪಾವಳಿಯ ಹೊತ್ತಿಗೆ ತಳ ಕಾಣುತ್ತಿತ್ತು. ಉಪ್ಪಿನಕಾಯಿ ಮುಗಿದ ಬಾಯಿಗೆ ತಂಬಾಕು. ತುಟಿಯ ಒಳಗೆ ಒತ್ತಿಟ್ಟುಕೊಂಡು ಮಲಗುವ ಮನುಷ್ಯ.

ಮಿಲ್ಲು ಮುಚ್ಚಿತು. ಮಗ ವಿಠ್ಠಲ ಕುವೈತಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ನಮ್ಮಿಬ್ಬರಿಗೂ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮಾಡಿಸಿ ಇಲ್ಲಿಗೆ ಕರೆಸಿಕೊಂಡ. ಬಂದ ಮರುವರ್ಷ ಇವರ ಬಾಯಲ್ಲಿ ಹುಣ್ಣು ಕಂಡಿತು. ಯಾವ ಹುಣ್ಣು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೊಯ್ದರು, ಆಮೇಲೆ ಕರೆಂಟು ಕೊಟ್ಟರು. ಹುಣ್ಣು ಹೋಯಿತು. ಅದರ ಜೊತೆಗೆ ರುಚಿಯೂ ಹೋಯಿತು. ಬರುತ್ತದೆ, ತಾಳಿ ಅಂದರು ಡಾಕ್ಟರು. ತಾಳುವುದಕ್ಕೆ ಮೈಯಲ್ಲಿ ಏನಾದರೂ ಇರಬೇಕಲ್ಲ? ಹುಗ್ಗಿ ಮಾಡಿದೆ, ಗಂಜಿ ಮಾಡಿದೆ. ಎಲ್ಲಕ್ಕೂ ಒಂದೇ ಮಾತು, "ಮಣ್ಣ ಇದ್ದಂಗೈತಿ." ನನ್ನ ಉಪ್ಪಿನಕಾಯಿಯ ರಸ ಒಂದು ಹನಿ ನಾಲಿಗೆಗೆ ಇಟ್ಟರೆ ಕಣ್ಣಲ್ಲಿ ನೀರು ತಂದುಕೊಂಡು ಅಂದರು:

"ಉರಿ ಅಷ್ಟ ಗೊತ್ತಾಗತೈತಿ. ರುಚಿ ಗೊತ್ತಾಗಂಗಿಲ್ಲ."

ಪ್ಯಾಂಟು ಸೊಂಟದಿಂದ ಜಾರತೊಡಗಿತು. ಬಾಯಿಂದ ಹೋಗದಿದ್ದರೆ ಮೂಗಿನಲ್ಲಿ ನಳಿಗೆ ಇಳಿಸಿ ಹಾಲಿನಂಥದ್ದು ಬಿಡುತ್ತೇವೆ ಎಂದರು ಡಾಕ್ಟರು. ವಿಠ್ಠಲ ಅದನ್ನು ಕನ್ನಡದಲ್ಲಿ ಹೇಳಿದಾಗ ಇವರು, "ಮೂಗಿಲೆ ಉಣ್ಣಾಕ ನಾ ಏನ್ ಆನಿ ಏನಲೇ?" ಅಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. "ನಳಿಗಿ ಹಾಕಿದ ದಿನ ನಾ ಸತ್ತೆ ಅಂತ ತಿಳ್ಕೋರಿ" ಅಂದರು. ಇಷ್ಟೇ ನಮ್ಮ ಮನೆಯ ಲೆಕ್ಕವಾಗಿತ್ತು ಆಗ: ಈ ಮನುಷ್ಯನ ಬಾಯಿಗೆ ಹಿಡಿಸುವ ಒಂದು ರುಚಿ ಸಿಗಬೇಕು, ಇಲ್ಲವೇ ನಳಿಗೆ.

ಶುಕ್ರವಾರಗಳಂದು ವಿಠ್ಠಲ ನಮ್ಮನ್ನು ಮುಬಾರಕಿಯಾಕ್ಕೆ ಕರೆದೊಯ್ಯುತ್ತಿದ್ದ. ಕುವೈತಿನ ಹಳೇ ಪೇಟೆ ಅದು. ಅಲ್ಲಿ ಒಂದು ಸಾಲಿನಲ್ಲಿ ಪೀಪಾಯಿಗಳಲ್ಲಿ ಉಪ್ಪಿನಕಾಯಿ ಇಟ್ಟಿರುತ್ತಾರೆ. ಗಜ್ಜರಿ, ಟರ್ನಿಪ್ಪು, ಆಲಿವು, ಎಲ್ಲ ಉಪ್ಪು ನೀರಿನಲ್ಲಿ ತೇಲುತ್ತಿರುತ್ತವೆ. ಅಂಗಡಿಯವನು ಇವರ ಬಿಳಿ ಗಡ್ಡ ನೋಡಿ "ತಾಲ್ ಹಾಜಿ, ತಾಲ್" ಎಂದು ಕರೆದು ಒಂದು ಆಲಿವು ಕೊಟ್ಟ. ಇವರು ಬಾಯಲ್ಲಿ ಅತ್ತಿತ್ತ ಹೊರಳಿಸಿ ಕೈಗೆ ಉಗುಳಿದರು. "ಬೇವಿನಕಾಯಿಗೆ ಉಪ್ಪ ಹಾಕ್ಯಾರ" ಅಂದರು. ನನಗೆ ಖುಷಿಯಾಯಿತು, ಕಹಿಯಾದರೂ ಗೊತ್ತಾಯಿತಲ್ಲ ಎಂದು. ಕೇಳಿದರೆ, "ಇಲ್ಲ. ನೋಡಿ ಹೇಳಿದೆ" ಅಂದರು.

ಇದರ ನಡುವೆ ಮಗಳ ಬಾಣಂತನ ಬಂತು. ಸುಮಿತ್ರಾ ಗಂಡನ ಜೊತೆ ಜಪಾನಿನ ಒಸಾಕಾದಲ್ಲಿದ್ದಳು. ಚೊಚ್ಚಲು. ತಾಯಿ ಹೋಗಲೇಬೇಕು. ಇವರನ್ನು ಬಿಟ್ಟು ಹೇಗೆ ಹೋಗಲಿ ಎಂದು ನಾನು ಚೀಲ ಕಟ್ಟುತ್ತ ಬಿಚ್ಚುತ್ತ ಕೂತಿದ್ದೆ.

"ಹೋಗ. ನೀ ಇದ್ದರ ನಾ ಭಾಳ ಉಣ್ಣತೇನೇನು?" ಅಂದರು. "ಅಲ್ಲಿಯಾರ ನಿನ್ನ ಕೈಯಾಗಿಂದು ಉಣ್ಣವರ ಅದಾರ."

ಹೋದೆ. ಹುರಿದ ಮೆಂತ್ಯ, ಒಣಶುಂಠಿ, ಅಂಟು, ಕೊಬ್ಬರಿ, ಎಲ್ಲ ಇಲ್ಲಿಂದ ಹೊತ್ತುಕೊಂಡು ಹೋದೆ. ಬಾಣಂತಿಗೆ ಸಬ್ಬಸಿಗಿ ಸೊಪ್ಪು ಮಾತ್ರ ಹಸಿದೇ ಬೇಕಲ್ಲ? ಅದಕ್ಕಾಗಿ ಅಳಿಯ ಪ್ರಕಾಶ ಒಂದು ಬೆಳಿಗ್ಗೆ ನನ್ನನ್ನು ಬಜಾರಕ್ಕೆ ಕರೆದೊಯ್ದ. ಅವನು ಮೈಸೂರು ಕಡೆಯವನು, ಮೆತ್ತಗಿನ ಹುಡುಗ. ದಾರಿಯುದ್ದಕ್ಕೂ ಬುದ್ಧಿ ಹೇಳಿದ: "ಅತ್ತೆ, ಇಲ್ಲಿ ಚೌಕಾಸಿ ಮಾಡೋ ಹಾಗಿಲ್ಲ. ತರಕಾರಿ ಒತ್ತಿ ನೋಡಬೇಡಿ. ಬೆಂಡೆಕಾಯಿ ಅಂತೂ ದಯವಿಟ್ಟು ಮುರೀಬೇಡಿ."

"ಮುರೀದನ ಎಳೇದು ಬಲತದ್ದು ಹೆಂಗ ಗೊತ್ತಾಗತೈತೋ?"

"ಎಲ್ಲಾ ಎಳೇದೇ ಇರತ್ತೆ ಅತ್ತೆ."

ಎಲ್ಲ ಬೆಂಡೆಕಾಯಿಯೂ ಎಳೆಯದೇ ಆಗಿರುವ ಊರು! ಅಂಥಲ್ಲಿ ಹೆಂಗಸರು ಸಂತೆಗೆ ಹೋಗಿ ಏನು ಜಗಳ ಆಡುತ್ತಾರೋ.

ಉದ್ದನೆಯ ಓಣಿ, ಮೇಲೆ ಈ ತುದಿಯಿಂದ ಆ ತುದಿಗೆ ಗಾಜಿನ ಛಾವಣಿ. ಕೆಳಗೆ ನೆಲ ತೊಳೆದು ಒದ್ದೆ. ಎರಡೂ ಕಡೆಯಿಂದ ಗಂಡಸರು ಗಂಟಲು ಹರಿಯುವಂತೆ ಕೂಗುತ್ತಾರೆ. ಮಾತು ತಿಳಿಯದಿದ್ದರೂ ಕೂಗು ತಿಳಿಯಿತು. ನಮ್ಮ ಕಾಯಿಪಲ್ಲೆ ಪ್ಯಾಟಿಯಲ್ಲಿ "ಬರ್ರೆವ್ವಾ ಬರ್ರಿ" ಎಂದು ಕೊನೆಯ ಅಕ್ಷರ ಎಳೆಯುವುದಿಲ್ಲವೇ, ಅದೇ ಎಳೆತ. ಇಳಕಲ್ ಸೀರೆ, ಮೇಲೆ ಮಗಳ ಸ್ವೆಟರು, ಕಾಲಿಗೆ ಅಳಿಯನ ಸಾಕ್ಸು, ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ. ಹೀಗೆ ನಾನು ಮೆರವಣಿಗೆ ಹೊರಟಿದ್ದೆ. ಜನ ದಾರಿ ಬಿಟ್ಟು ತಲೆಬಾಗುತ್ತಿದ್ದರು. ಮರ್ಯಾದೆಯೋ ಹೆದರಿಕೆಯೋ ಗೊತ್ತಾಗಲಿಲ್ಲ.

ಕಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು. ಮೂಗಿಗೆ ಸೆರಗು ಹಿಡಿದೆ, ಕಣ್ಣಿಗೆ ಹಿಡಿಯಲಿಲ್ಲ. ನೋಡುವುದಕ್ಕೆ ಪಾಪವಿಲ್ಲವಲ್ಲ. ಎಂಟು ಕಾಲಿನದೊಂದು ಕೆಂಪಗೆ ಬೆಂದು ಜಡೆ ಬಿಚ್ಚಿದ ಹೆಂಗಸಿನಂತೆ ಬಿದ್ದಿತ್ತು. ಒಂದು ಏಡಿ ತಟ್ಟೆಯಿಂದಿಳಿದು ಮನೆಗೆ ಹೊರಟಿತ್ತು, ಅಂಗಡಿಯವನು ಮತ್ತೆ ಎತ್ತಿ ಒಳಗಿಟ್ಟ. ಮೂಲಂಗಿ ನನ್ನ ತೋಳಿನಷ್ಟು ದಪ್ಪ. ಒಂದು ಖರಬೂಜ ಹಣ್ಣನ್ನು ಪೆಟ್ಟಿಗೆಯಲ್ಲಿ ಮೆತ್ತೆ ಹಾಕಿ ಮದುಮಗನಂತೆ ಕೂಡಿಸಿದ್ದರು. ಸಬ್ಬಸಿಗಿ ಸಿಗಲಿಲ್ಲ.

ಓಣಿಯ ಕೊನೆಗೆ ಉಪ್ಪಿನಕಾಯಿ ಅಂಗಡಿ. ಅಂಗಡಿಯವಳು ನನ್ನ ವಯಸ್ಸಿನವಳೇ, ನನಗಿಂತ ಗಿಡ್ಡ, ತಲೆಗೆ ಬಿಳಿ ಅರಿವೆ. ಕಟ್ಟಿಗೆಯ ದೊಡ್ಡ ತೊಟ್ಟಿಯೊಳಗೆ ಮೊಳಕೈತನಕ ಕೈ ಬಿಟ್ಟು ಏನನ್ನೋ ಬುಡಮೇಲು ಮಾಡುತ್ತಿದ್ದಳು. ಬಗ್ಗಿ ನೋಡಿದೆ. ತೌಡು! ನಮ್ಮ ಕಡೆ ಎಮ್ಮೆಗೆ ಹಾಕುವ ಅಕ್ಕಿ ತೌಡು. ಅದನ್ನು ಉಪ್ಪುನೀರಿನಲ್ಲಿ ಕೆಸರಿನಂತೆ ಕಲಸಿದ್ದಾಳೆ. ಒಳಗಿನಿಂದ ಒಂದು ಸೌತೆಕಾಯಿ ಎಳೆದು ತೊಳೆದು ಬಿಲ್ಲೆಬಿಲ್ಲೆ ಹೆಚ್ಚಿ, ಕಡ್ಡಿಗೆ ಚುಚ್ಚಿ ನನ್ನ ಮುಂದೆ ಹಿಡಿದಳು.

"ಪ್ರಕಾಶಾ, ಎಮ್ಮಿ ಬಾನಿಯೊಳಗಿಂದ ತಗದು ಕೊಡಾಕತ್ತಾಳಲ್ಲೋ!"

"ತಿನ್ನಿ ಅತ್ತೆ. ಬೇಜಾರ್ ಮಾಡ್ಕೋತಾರೆ."

ಬಾಯಲ್ಲಿಟ್ಟೆ. ಖಾರವಿಲ್ಲ, ಎಣ್ಣೆಯಿಲ್ಲ, ಮಸಾಲೆಯಿಲ್ಲ. ಉಪ್ಪು, ಹುಳಿ, ಅದರ ಹಿಂದೆ ಏನೋ ಇನ್ನೊಂದು. ಅದು ನಾಲಿಗೆಗೆ ಹತ್ತಲಿಲ್ಲ. ನಾಲಿಗೆ ದಾಟಿ ದವಡೆಯ ಮೂಲೆಗೆ ಹೋಗಿ ಅಲ್ಲಿ ನೀರು ಬಿಡಿಸಿತು. ನಾನು ಅಲ್ಲೇ ನಿಂತುಬಿಟ್ಟೆ. ನಾಲಿಗೆ ಸತ್ತವನಿಗೂ ದವಡೆ ಇರುತ್ತದಲ್ಲ ಅನ್ನಿಸಿತು.

ಮರುದಿನದಿಂದ ಒಬ್ಬಳೇ ಹೋಗತೊಡಗಿದೆ. ಮಗಳಿಗೆ ಎರೆದು, ಉಣ್ಣಿಸಿ, ಕೂಸನ್ನು ಮಲಗಿಸಿ ಹೊರಡುವುದು. ತೌಡಿನವಳು ತನ್ನ ಭಾಷೆಯಲ್ಲಿ ಮಾತಾಡುವಳು, ನಾನು ಗದಗಿನದರಲ್ಲಿ. ಇಬ್ಬರಿಗೂ ಕಿವಿ ಬೇಕಾಗಲಿಲ್ಲ. ಒಂದು ದಿನ ಸಹಾಯ ಮಾಡೋಣವೆಂದು ಅಲ್ಲೇ ಇದ್ದ ಕಟ್ಟಿಗೆಯ ಸವಟು ತೆಗೆದು ತೊಟ್ಟಿಗೆ ಹಾಕಹೋದೆ. ಪಟ್ಟನೆ ಕೈಮೇಲೆ ಹೊಡೆದಳು!

"ಯಾಕವಾ? ಉಪ್ಪಿನಕಾಯಿಗೆ ಬರಿಗೈ ಹಾಕ್ತಾರೇನು? ಕೆಡತೈತಿ!" ಎಂದೆ ನಾನು.

ಅವಳೂ ಅಷ್ಟೇ ಜೋರಾಗಿ ಏನೋ ಅಂದಳು. ನನ್ನ ಬಲಗೈ ಹಿಡಿದು, ಬಳೆ ಮೇಲೆ ಸರಿಸಿ, ತೌಡಿನೊಳಗೆ ಒತ್ತಿಬಿಟ್ಟಳು. ತಣ್ಣಗೆ ಮೆತ್ತಗೆ ಇತ್ತು. ಒಳಗೆ ಯಾವುದೋ ಸಾಕಿದ ಪ್ರಾಣಿ ಮಲಗಿದಂತಿತ್ತು. ಸಂಜೆ ಪ್ರಕಾಶ ಅಂಗಡಿಗೆ ಬಂದು ಅವಳ ಮಾತನ್ನೆಲ್ಲ ಕನ್ನಡಕ್ಕೆ ತಂದ: "ದಿನಾ ಕೈ ಹಾಕಿ ಮೇಲಿಂದು ಕೆಳಗೆ ಮಾಡ್ಬೇಕಂತೆ. ಬರಿಗೈನೇ ಆಗ್ಬೇಕಂತೆ, ಮನೆ ಹೆಂಗಸಿನ ಕೈರುಚಿ ಅದರೊಳಗೆ ಇಳಿಯತ್ತಂತೆ. ಬೇಸಿಗೇಲಿ ಎರಡು ದಿನ ಬಿಟ್ರೆ ಸತ್ತೋಗತ್ತಂತೆ. ಇದು ಅವರ ಅತ್ತೆ ಕೊಟ್ಟಿದ್ದಂತೆ."

ನಮ್ಮ ಉಪ್ಪಿನಕಾಯಿ ಕೈ ಹಾಕಿದರೆ ಸಾಯುತ್ತದೆ, ಅವರದು ಕೈ ಹಾಕದಿದ್ದರೆ ಸಾಯುತ್ತದೆ. ಒಂದು ಆಯುಷ್ಯವೆಲ್ಲ ಭರಣಿ ಕಾಯುತ್ತ ಕೂತವಳಿಗೆ ಹೇಗಾಗಿರಬೇಡ!

ಅದು ಕಾರ್ಡು ಗೀಚಿ ನಂಬರು ಒತ್ತಿ ಫೋನು ಮಾಡುವ ಕಾಲ. ಇವರಿಗೆ ಹೇಳಿದೆ, "ಇಲ್ಲೊಂದ ಉಪ್ಪಿನಕಾಯಿ ಐತಿ. ಖಾರ ಇಲ್ಲ. ತೌಡಿನಾಗ ಮಾಡತಾರ."

ಆ ಕಡೆಯಿಂದ, "ಲಗ್ನ ಆದಾಗಿಂದ ಎತ್ತಿನಂಗ ದುಡಿಸಿದಿ. ಈಗ ತೌಡೂ ತಿನ್ನಸ್ತಿಯೇನು?" ಅಂದರು. ಆಮೇಲೆ ನಕ್ಕರು. ಕರೆಂಟು ಕೊಟ್ಟ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಅಷ್ಟು ದೂರದಿಂದ.

ಹೊರಡುವ ದಿನ ತೌಡಿನವಳು ತನ್ನ ತೊಟ್ಟಿಯ ತಳದಿಂದ ತೌಡು ಬಗೆದು ಈ ಬಿಳಿ ಡಬ್ಬಿಯಲ್ಲಿ ತುಂಬಿ, ಮೇಲೆ ಪ್ಲಾಸ್ಟಿಕ್ಕು ಸುತ್ತಿ ಕೊಟ್ಟಳು. ನಾನು ಅವಳ ಹಣೆಗೆ ಕುಂಕುಮ ಹಚ್ಚಿದೆ. ಗಂಡ ಇದ್ದಾನೋ ಇಲ್ಲವೋ ಕೇಳಲಿಲ್ಲ. ಅವಳಂತೂ ಒರೆಸಿಕೊಳ್ಳಲಿಲ್ಲ.

ಕುವೈತಿನ ವಿಮಾನ ನಿಲ್ದಾಣದಲ್ಲಿ ಡಬ್ಬಿ ಸಿಕ್ಕಿಬಿತ್ತು. ದಾರಿಯಲ್ಲಿ ಉಬ್ಬಿ ಮುಚ್ಚಳ ಎತ್ತಿ ಸೆರೆಯ ವಾಸನೆ ಹೊಡೆಯುತ್ತಿತ್ತು. ಈ ದೇಶದಲ್ಲಿ ಸೆರೆ ತರುವುದೆಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಅಧಿಕಾರಿ ಮೂಸಿ ನೋಡಿ ಹುಬ್ಬು ಏರಿಸಿ "ಖಮರ್?" ಎಂದ. ಹಣೆಯ ಮೇಲೆ ಕಾಸಿನಗಲ ಕುಂಕುಮವಿಟ್ಟ ಮುದುಕಿ ಸೆರೆ ಮಾರಲು ಬಂದಿದ್ದಾಳೆ! ನಾನು "ಅಚಾರ್, ಅಚಾರ್" ಎಂದೆ. ಅವನು ನಂಬಲಿಲ್ಲ. ಬಳೆ ಮೇಲೆ ಸರಿಸಿ, ಅವನೆದುರಿಗೇ ಕೈ ಒಳಗಿಟ್ಟು ಒಂದು ಮೂಲಂಗಿ ತುಂಡು ಎಳೆದು ಕರಕರ ತಿಂದು ತೋರಿಸಿದೆ. ಅವನು ಮುಖ ಹಿಂಡಿ "ಖಲಾಸ್ ಮಾಮಾ, ಯಲ್ಲಾ, ಯಲ್ಲಾ" ಎಂದು ಸಾಗಹಾಕಿದ.

ಮರುದಿನವೇ ಇಲ್ಲಿಯ ಎಳೆ ಸೌತೆಕಾಯಿ ತಂದು ತೌಡಿನಲ್ಲಿ ಹುಗಿದೆ. ಒಂದು ದಿನ ಬಿಟ್ಟು ತೆಗೆದು, ತೆಳ್ಳಗೆ ಹೆಚ್ಚಿ, ಗಂಜಿಯ ಬಟ್ಟಲ ಪಕ್ಕದಲ್ಲಿಟ್ಟೆ. ಗಿರಿಜಾ ಬಾಗಿಲಲ್ಲಿ ನಿಂತಿದ್ದಳು, ವಿಠ್ಠಲ ಪೇಪರು ಹಿಡಿದು ಓದದೆ ಕೂತಿದ್ದ. ಇವರು ಒಂದು ಬಿಲ್ಲೆ ಬಾಯಲ್ಲಿಟ್ಟು ಅಗಿಯದೆ ಹಿಡಿದುಕೊಂಡರು. ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ದವಡೆ ಅಲುಗಿತು.

"ಏನೋ ಐತಿ" ಅಂದರು.

ಅಷ್ಟೇ. ಇನ್ನೊಂದು ಬಿಲ್ಲೆ ತೆಗೆದುಕೊಂಡರು. ಗಂಜಿ ಕುಡಿದರು. ಬಟ್ಟಲು ಖಾಲಿಯಾಯಿತು. ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಬಟ್ಟಲು ತೊಳೆಯಲು ಎದ್ದೆ, ಯಾರಾದರೂ ತೊಳೆಯಬೇಕಲ್ಲ.

ಆಮೇಲೆ ಅದೇ ನಮ್ಮ ಪೂಜೆಯಾಯಿತು. ಬೆಳಿಗ್ಗೆ ಮಿಂದು ತೌಡಿಗೆ ಕೈ ಹಾಕುವುದು, ಅನಂತರ ಚಹಾ. ಬೇಸಿಗೆ ಏರುತ್ತಿತ್ತು. ಡಬ್ಬಿಯನ್ನು ಇವರ ಮಂಚದ ಪಕ್ಕ ಏಸಿಯ ಕೆಳಗೆ ಇಟ್ಟಿದ್ದೆವು. "ನನಗಿಂತ ತೌಡಿನ ಉಪಚಾರ ಚೊಲೊ ನಡದೈತಿ" ಎಂದು ಗೊಣಗುತ್ತಲೇ ದಿನಾ ಎರಡು ಬಿಲ್ಲೆ, ಮೂರು ಬಿಲ್ಲೆ ತಿಂದರು. ಅದರ ನೆಪದಲ್ಲಿ ಮೊಸರನ್ನ ಇಳಿಯಿತು. ಒಂದು ದಿನ "ಇವತ್ತ ಹುಳಿ ಹಿಂದ ಉಳದೈತಿ" ಅಂದರು. ಹಳೆಯ ತೀರ್ಪು! ಡಾಕ್ಟರು ತೂಕ ನೋಡಿ, ನಳಿಗೆಯ ಮಾತು ಸದ್ಯಕ್ಕೆ ಬೇಡ ಅಂದರು.

ಹಾಗೇ ನಡೆಯಿತು ಎಂದು ಬರೆದು ಇಲ್ಲಿಗೇ ನಿಲ್ಲಿಸಬಹುದು. ಓದುವವರಿಗೂ ಹಿತ. ಆದರೆ ಹಾಗೆ ನಡೆಯಲಿಲ್ಲ.

ಇವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಬೇರೆ ಕೋಣೆಯಲ್ಲಿ ಹಾಕಿದ್ದರಿಂದ ನನ್ನನ್ನು ಜೊತೆಗಿರಲು ಬಿಟ್ಟರು. ಹೊರಡುವ ಗಡಿಬಿಡಿಯಲ್ಲೂ ಗಿರಿಜಾಳಿಗೆ ಹೇಳಿದೆ: "ತೌಡಿಗೆ ದಿನಾ ಕೈ ಹಾಕಿ ಮ್ಯಾಲಿಂದು ಕೆಳಗ ಮಾಡು. ಬಿಡಬ್ಯಾಡ." ಅವಳು "ಹೂಂನ್ರಿ ಅತ್ತಿ" ಅಂದಳು. ಮರುದಿನ ವಿಠ್ಠಲನ ಮೊಬೈಲಿನಿಂದ ಕೇಳಿದರೆ, "ನೀವು ಮಾವಾರ್ನ ನೋಡ್ರಿ ಅತ್ತಿ, ಮನಿ ಚಿಂತಿ ಮಾಡಬ್ಯಾಡ್ರಿ" ಅಂದಳು. ಅವಳ ಗಂಡ ನನ್ನ ಪಕ್ಕದಲ್ಲೇ ನಿಂತಿದ್ದ, ಹೆಚ್ಚಿಗೆ ಏನು ಹೇಳಿಯಾಳು?

ಜ್ವರ ಇಳಿಯಿತು. ಮನೆಗೆ ಕರೆದುಕೊಂಡು ಬಂದೆವು. ಲಿಫ್ಟಿನಲ್ಲೇ ಇವರು ಕೇಳಿದರು, "ಸೌತಿಕಾಯಿ ಹಾಕೀರೇನು?" ಬಾಯಿ ಬಿಟ್ಟು ಅವರು ಬೇಡಿದ್ದು, ಆ ಕಾಯಿಲೆಯುದ್ದಕ್ಕೂ ಅದೊಂದನ್ನೇ.

ಡಬ್ಬಿಗೆ ಬಿಳಿ ಅರಿವೆ ಕಟ್ಟಿತ್ತು. ಮೇಲೆ ತಾಟು ಮುಚ್ಚಿತ್ತು. ಯಾರೂ ಮಲಗದ ಕೋಣೆ ಎಂದು ಏಸಿ ಆರಿಸಿದ್ದರು. ಅರಿವೆ ಬಿಚ್ಚಿದೆ. ಮೇಲೆಲ್ಲ ಕರಿ ಬೂಜು, ನಡುವೆ ಗುಲಾಬಿ. ಸತ್ತ ಇಲಿಯ ವಾಸನೆ ಕೋಣೆ ತುಂಬಿತು.

"ಕೈ ಹಾಕಿಲ್ಲೇನು?"

ಗಿರಿಜಾ ಗೋಡೆಗೆ ಆತು ನಿಂತಿದ್ದಳು. "ನೀವು ಹ್ವಾದ ದಿನಾನ ನಾ ಹೊರಗಾದೆನ್ರಿ ಅತ್ತಿ. ಹೆಂಗ ಮುಟ್ಟಲ್ರಿ? ಮಾವಾರು ಉಣ್ಣೋದು ಅದೊಂದ. ನನ್ನ ಕೈಲೆ ಕೆಟ್ಟರ?" ಎಂದಳು. "ಆ ಕ್ವಾಣಿಗೂ ಹೋಗಿಲ್ರಿ ನಾ. ನಿಧಿನ್ನೂ ಬಿಟ್ಟಿಲ್ಲ."

ಒಳ್ಳೆಯ ಸೊಸೆ ಏನೇನು ಮಾಡಬೇಕೋ ಎಲ್ಲವನ್ನೂ ಮಾಡಿದ್ದಳು. ವಿಠ್ಠಲನಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಉಪ್ಪಿನಕಾಯಿಗೆ ಗಂಡಸರು ಕೈ ಹಾಕುವುದು ನಮ್ಮಲ್ಲಿ ಯಾರ ತಲೆಗೂ ಬರುವುದಿಲ್ಲ. ಬೈಯಲು ಬಾಯಿ ತೆರೆದೆ. ಬಂದ ಮಾತೆಲ್ಲ ನಾನೇ ಅವಳಿಗೆ ಕಲಿಸಿದ್ದು. ಬಾಯಿ ಮುಚ್ಚಿದೆ.

ಸುಮಿತ್ರಾಳಿಗೆ ಫೋನು ಮಾಡಿದೆವು. ಅವಳು ಕೂಸನ್ನು ಎದೆಗೆ ಕಟ್ಟಿಕೊಂಡು ಬಜಾರಕ್ಕೆ ಹೋಗಿ ತೌಡಿನವಳನ್ನು ಕೇಳಿ ಬಂದಳು. ಮೇಲಿನದೆಲ್ಲ ಕೆರೆದು ಎಸೆಯಿರಿ, ತಳದಲ್ಲಿ ಹಿಡಿಯಷ್ಟು ಜೀವ ಉಳಿದಿರುತ್ತದೆ, ಹೊಸ ತೌಡು ಉಪ್ಪು ಕೂಡಿಸಿ ದಿನಾ ಕೈಯಾಡಿಸಿ ಅಂದಳಂತೆ. ಎಷ್ಟು ದಿನ ಬೇಕು ಎಂದರೆ, ಅದು ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತದೆ ಅಂದಳಂತೆ.

ಕುವೈತಿನಲ್ಲಿ ತೌಡು ಎಲ್ಲಿ? ಕುರಿ ಮೇಕೆ ಮಾರುವ ಕಡೆ ವಿಠ್ಠಲ ಕರೆದೊಯ್ದ. ಮೇವಿನ ಅಂಗಡಿಯ ಬಂಗಾಲಿ ಗೋಧಿ ತೌಡಿನ ಚೀಲ ಬಿಚ್ಚುತ್ತ, "ಬಕರಾ ಕಿತನಾ ಹೈ, ಖಾಲಾ?" ಎಂದ.

"ಏಕೀ ಹೈ" ಎಂದೆ. "ಖಾತಾ ನಹೀ."

ಅವನು "ಬೀಮಾರ್ ಹೋಗಾ" ಎಂದು ಮರುಗಿದ.

ಕೆರೆದೆ, ಕಲಸಿದೆ, ದಿನಾ ಕೈ ಹಾಕಿದೆ. ಎರಡು ದಿನಕ್ಕೆ ತಡೆಯದೆ ಒಂದು ಸೌತೆಕಾಯಿ ತೆಗೆದು ಕೊಟ್ಟೆ. ಇವರು ಬಾಯಲ್ಲಿ ಹಿಡಿದರು. ನಾನು ದವಡೆಯನ್ನೇ ನೋಡುತ್ತಿದ್ದೆ. ದವಡೆ ಅಲುಗಲಿಲ್ಲ.

"ಮಣ್ಣು" ಅಂದರು. ಅಂಗೈಗೆ ಉಗುಳಿ, ಅದನ್ನು ಬಟ್ಟಲ ಅಂಚಿಗೆ ಅಚ್ಚುಕಟ್ಟಾಗಿ ಇಟ್ಟರು. "ಬಿಡ ಇನ್ನ. ನೀನೂ ದಣದಿ."

ಆಮೇಲೆ ಬಾಯಿ ತೆರೆಯಲಿಲ್ಲ. ಹಟವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಡಿ ಮುಚ್ಚಿದಂತೆ ಮುಚ್ಚಿದರು. ಮತ್ತೆ ಆಸ್ಪತ್ರೆ. ನಳಿಗೆ ಇಳಿಸಿದರು. ಎರಡು ಸಲ ಕಿತ್ತುಕೊಂಡರು. ಕೈಗಳನ್ನು ಮಂಚಕ್ಕೆ ಮೆತ್ತನೆಯ ಪಟ್ಟಿಯಿಂದ ಕಟ್ಟಿದರು. ಆಮೇಲೆ ಕೀಳುವ ಶಕ್ತಿಯೂ ಉಳಿಯಲಿಲ್ಲ.

ಹಗಲೆಲ್ಲ ಆಸ್ಪತ್ರೆ, ಬೆಳಿಗ್ಗೆ ಮನೆಯಲ್ಲಿ ತೌಡು. ಯಾಕೆ ಮಾಡುತ್ತಿದ್ದೆ ಎಂದು ಕೇಳಬೇಡಿ, ಕೈಗೆ ರೂಢಿಯಾಗಿತ್ತು. ಒಂದು ಬೆಳಿಗ್ಗೆ ತೌಡು ತಣ್ಣಗೆ ಮೆತ್ತಗೆ ಕೈ ಸುತ್ತಿಕೊಂಡಿತು. ವಾಸನೆ ಸರಿಯಾಗಿತ್ತು. ಎಂದೋ ಹುಗಿದು ಮರೆತಿದ್ದ ಸೌತೆಕಾಯಿ ಬೆರಳಿಗೆ ತಾಗಿತು. ತೊಳೆದು ಕಡಿದೆ. ಅದೇ ರುಚಿ. ದವಡೆಯ ಮೂಲೆಯಲ್ಲಿ ಅದೇ ನೀರು. ಅಡುಗೆಮನೆಯಲ್ಲಿ ನಿಂತುಕೊಂಡೇ ಪೂರ್ತಿ ತಿಂದೆ. ಅವತ್ತಿಗೆ ಇವರಿಗೆ ನನ್ನ ಗುರುತೂ ಹತ್ತುತ್ತಿರಲಿಲ್ಲ.

ತೌಡು ಜೀವ ಹಿಡಿಯಿತು. ಇವರು ಹಿಡಿಯಲಿಲ್ಲ. ಇವರನ್ನು ಪೆಟ್ಟಿಗೆಯಲ್ಲಿ ಗದಗಿಗೆ ಒಯ್ಯುವ ದಿನ ತೌಡನ್ನು ಕಪ್ಪು ಚೀಲಕ್ಕೆ ಸುರಿದು ಬಿಲ್ಡಿಂಗಿನ ಕೆಳಗಿನ ಕಸದ ಡಬ್ಬಕ್ಕೆ ಹಾಕಿಸಿದೆ. ನಾವು ಮರಳಿ ಬರುವವರೆಗೆ ಅದಕ್ಕೆ ಕೈ ಹಾಕುವವರು ಯಾರು?

ಇದೆಲ್ಲ ಆಗಿ ವರ್ಷಗಳಾದವು. ನಾನು ಇಲ್ಲೇ ಉಳಿದೆ. ಗಿರಿಜಾಳಿಗೆ ಎಷ್ಟೋ ಸಲ ಹೇಳಿದ್ದೇನೆ, "ಯಾವ ದಿನಾನೂ ಆಗಲಿ, ಭರಣಿ ಮುಟ್ಟು. ಏನೂ ಆಗಂಗಿಲ್ಲ." ಅವಳು ತಲೆ ಆಡಿಸುತ್ತಾಳೆ. ತಿಂಗಳು ಬಂದರೆ ಮತ್ತೆ ದೂರ. ನಾನು ಹೇಳಿದ್ದನ್ನೆಲ್ಲ ಕೇಳುವವಳು ಇದೊಂದನ್ನು ಕೇಳುವುದಿಲ್ಲ. ಅಥವಾ ಮೊದಲು ಹೇಳಿದ್ದನ್ನೇ ಕೇಳುತ್ತಿದ್ದಾಳೆ.

ಮೊನ್ನೆ ಶುಕ್ರವಾರ ಪೇಟೆಯಲ್ಲಿ ಮಾವಿನಕಾಯಿ ಬಂದಿದ್ದವು. ಹೋಳು ಮಾಡಿ ಉಪ್ಪು ಬೆರೆಸಿದೆ. ನನ್ನ ಮೊಣಕೈಗೆ ಈಗ ಬಲವಿಲ್ಲ, ಭರಣಿ ಎತ್ತಲಾಗುವುದಿಲ್ಲ. ನಿಧಿಯನ್ನು ಕರೆದೆ. ಇಲ್ಲೇ ಬೆಳೆದ ಹುಡುಗಿ, ಈಗ ನನ್ನ ಹೆಗಲು ಮುಟ್ಟುತ್ತಾಳೆ. ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಇಂಗ್ಲಿಷು. ನಮ್ಮೂರಿನ ಹೆಸರನ್ನೂ ಸರಿಯಾಗಿ ಅನ್ನಲಾರಳು. ಕಿವಿಯಿಂದ ಹಾಡಿನ ವೈರು ತೆಗೆಯುತ್ತ ಬಂದವಳು ಭರಣಿ ಕಂಡು ಬಾಗಿಲಲ್ಲೇ ನಿಂತಳು.

"ಬಾರವಾ, ಈ ಭರಣಿ ಎತ್ತಿಡು."

ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಆಯಿ," ಅಂದಳು, "ಐ ಕಾಂಟ್ ಟಚ್ ಇಟ್ ಟುಡೇ."